ನಮ್ಮ ಕೂಗುವ ಕಾರೂ ಎದುರುಮನೆಯವರೂ

ಈ ವಯಸ್ಸಿನಲ್ಲಿಯೂ ಬೆಳಗಿನ ಅರ್ಘ್ಯಕ್ಕೆ ಕೈ ನಡುಗದಂತೆ ಕಾಪಾಡಿರುವ ಹಲಸೂರಿನ ಸೋಮೇಶ್ವರನಿಗೆ ಮೊದಲು ನಮಸ್ಕಾರ. ಅಕ್ಕಿಯ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ತಂದೆಗೆ, ಆಡಿದ ಮಾತಿಗೆಲ್ಲ ಆಡಿದವನೇ ಹೊಣೆ ಎಂದು ಕಲಿಸಿದ ಗುರುಗಳಿಗೆ ನಮಸ್ಕಾರ. ನನ್ನ ಮನೆಯಾಕೆಯ ರಕ್ತವನ್ನು ಮೈಯಿಂದ ಹೊರಕ್ಕೆ ತೆಗೆದು, ತೊಳೆದು, ಮರಳಿ ಮೈಗೆ ಸೇರಿಸುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಮಹನೀಯರು ಯಾರೋ, ಯಾವ ದೇಶದವರೋ ತಿಳಿಯದು. ಅವರಿಗೂ, ಆ ವಿದ್ಯೆಯನ್ನು ಇಂದಿರಾನಗರದ ಆಸ್ಪತ್ರೆಯಲ್ಲಿ ಬೇಸರವಿಲ್ಲದೆ ನಡೆಸುತ್ತಿರುವ ಹೆಣ್ಣುಮಕ್ಕಳಿಗೂ ನನ್ನ ಕೃತಜ್ಞತೆ ಸಲ್ಲಲಿ. ಸಲ್ಲಬೇಕಾದದ್ದನ್ನೆಲ್ಲ ಹೀಗೆ ಆರಂಭದಲ್ಲಿಯೇ ಸಲ್ಲಿಸುತ್ತಿರುವುದಕ್ಕೆ ಕಾರಣವಿದೆ. ಮುಂದೆ ಯಾರ ವಿಷಯವನ್ನು ಬರೆಯಬೇಕಾಗಿದೆಯೋ ಅವರನ್ನು ನೆನೆದಾಗ ಕೃತಜ್ಞತೆ ನನಗೆ ಸುಲಭವಾಗಿ ಒದಗಿಬರುವುದಿಲ್ಲ.

ನಮ್ಮ ಎದುರುಮನೆಯವರು ಕಳೆದ ಆಷಾಢದಲ್ಲಿ ತೀರಿಕೊಂಡರು. ಬೀದಿಯ ಸಂಘದವರು ಮರುದಿನವೇ ನನ್ನ ಬಳಿಗೆ ಬಂದರು. ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರಂತೆ. ಚಿತ್ರದ ಕೆಳಗೆ ನಾಲ್ಕು ಒಳ್ಳೆಯ ಮಾತುಗಳನ್ನು ನಾನು ಬರೆದುಕೊಡಬೇಕಂತೆ. "ಸಂಸ್ಕೃತದ ಮೇಷ್ಟ್ರು ನೀವಲ್ವಾ ಸಾರ್, ನಿಮ್ಗೆ ಎಷ್ಟೊತ್ತು ಇದು" ಎಂದರು. ಕಾಗದ ಮುಂದಿಟ್ಟುಕೊಂಡು ಕುಳಿತೆ. 'ಸ್ನೇಹಜೀವಿ' ಎಂದು ಬರೆದು ಹೊಡೆದುಹಾಕಿದೆ. 'ಮೃದುಭಾಷಿ' ಎಂಬುದನ್ನು ಬರೆಯುವುದಕ್ಕೇ ಕೈ ಏಳಲಿಲ್ಲ. ಕೊನೆಗೆ, ಇದು ನನ್ನಿಂದಾಗದು ಎಂದು ಹೇಳಿ ಕಳುಹಿಸಿದೆ. ಅವರು ಬೇರೆ ಯಾರಿಂದಲೋ ಬರೆಸಿ, 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಅಚ್ಚುಹಾಕಿಸಿದರು. ಆ ಫ್ಲೆಕ್ಸಿನ ಕೆಳಗೆ ನಡೆದುಹೋಗುವಾಗಲೆಲ್ಲ ನನಗೆ, ಸತ್ತವರಿಗೂ ಸತ್ಯಕ್ಕೂ ಒಟ್ಟಿಗೆ ಅನ್ಯಾಯವಾಯಿತೆನ್ನಿಸಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ಕಣ್ಣಿಗೆ ಕಟ್ಟಿಕೊಡುವುದು ಕಷ್ಟವಲ್ಲ. ಗಿಡ್ಡ ಆಳು, ಅಗಲವಾದ ಭುಜ, ಮಡಚಿ ಕಟ್ಟಿದ ಚೌಕುಳಿ ಲುಂಗಿ, ತೋಳಿಲ್ಲದ ಬನಿಯನ್ನು. ಮೊದಲನೆಯ ಮಹಡಿಯ ಬಾಲ್ಕನಿಯ ಕಂಬಿಯ ಮೇಲೆ ಮೊಣಕೈಗಳನ್ನೂರಿ ನಿಂತರೆ, ಆ ಭಂಗಿಯಲ್ಲಿಯೇ ಬಿಸಿಲೇರಿ ಇಳಿಯುತ್ತಿತ್ತು. ಕುಡಿದು ಉಳಿದ ಕಾಫಿಯ ಗಸಿಯನ್ನು ಅಲ್ಲಿಂದಲೇ ಬೀದಿಗೆ ಚೆಲ್ಲುವರು. ಅದು ದಿನವೂ ನಮ್ಮ ಬಾಗಿಲ ರಂಗೋಲಿಯ ಅಂಚಿಗೇ ಬೀಳುತ್ತಿತ್ತು. ಒಳಗೂ ಬೀಳದು, ದೂರಕ್ಕೂ ಹೋಗದು. ಅಷ್ಟು ಕರಾರುವಾಕ್ಕಾದ ಕೈ ಅದು.

ಹಲಸೂರಿನ ಹಳೆಯ ಒಕ್ಕಲು ಮನೆತನದವರು. ನಮ್ಮ ಬೀದಿಯೂ ಅದರಾಚೆಯ ಬೀದಿಯೂ ಒಂದು ಕಾಲಕ್ಕೆ ಅವರ ಹೊಲಗಳಾಗಿದ್ದವು. ಅವರ ತಂದೆ ಅದನ್ನೆಲ್ಲ ಸೈಟುಗಳನ್ನಾಗಿ ಮಾಡಿ ವಿಧಿವತ್ತಾಗಿ ಮಾರಿದ್ದರು. ಕೊಂಡವರಲ್ಲಿ ನನ್ನ ಮಾವನವರೂ ಒಬ್ಬರು. ಆದರೆ ಆ ಮಾರಾಟವನ್ನು ಎದುರುಮನೆಯವರು ಮನಸ್ಸಿನಲ್ಲಿ ಎಂದೂ ಒಪ್ಪಿರಲಿಲ್ಲ. ಬೀದಿಯಲ್ಲಿ ಯಾರಾದರೂ ಗಿಡ ನೆಟ್ಟರೂ, ಚರಂಡಿಗೆ ಕಲ್ಲು ಹಾಸಿದರೂ ಮೇಲಿನಿಂದ ಮಾತು ಬರುತ್ತಿತ್ತು: "ನಮ್ಮ ತಾತ ಅವರೆ ಬಿತ್ತಿದ್ ಜಾಗ ಕಣ್ರೀ ಅದು, ನೋಡ್ಕೊಂಡ್ ಅಗೀರಿ." ನಾವು ಗೃಹಪ್ರವೇಶ ಮಾಡಿದ ದಿನ, ಬಾಗಿಲಿಗೆ ತೋರಣ ಕಟ್ಟುತ್ತಿದ್ದ ನನ್ನನ್ನು ಮೇಲಿನಿಂದ ನೋಡಿ ಅವರು ಆಡಿದ ಮೊದಲ ಮಾತು ಇದು: "ಐನೋರೇ, ನಿಮ್ಮ ದೇವ್ರಮನೆ ಇರೋ ಜಾಗದಲ್ಲೇ ನಮ್ಮ ಎಮ್ಮೆ ಕಟ್ತಿದ್ದಿದ್ದು. ಹಾಲು ಚೆನ್ನಾಗಿ ಕೊಡ್ತಿತ್ತು."

ಗೋವಿನ ಜಾತಿಯ ಪ್ರಾಣಿಯೊಂದು ನಿಂತಿದ್ದ ನೆಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಅವರು ಅದನ್ನು ಸಮಾಧಾನಕ್ಕೆಂದು ಹೇಳಿರಲಿಲ್ಲ.

ಸಿ.ವಿ. ರಾಮನ್ ನಗರದ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಅವರು ಟೈಮ್‌ಕೀಪರ್ ಆಗಿದ್ದರು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಮೊದಲೇ ಹೊರಗೆ ಜಾರಿದರು, ಯಾರ ಚೀಲ ಉಬ್ಬಿದೆ, ಇವನ್ನು ನೋಡುವುದೇ ಕೆಲಸ. ನಿವೃತ್ತರಾದ ಮೇಲೆ ಅದೇ ಕಸುಬನ್ನು ನಮ್ಮ ಬೀದಿಯ ಮೇಲೆ ಮುಂದುವರಿಸಿದರು. ಅವರ ತೀರ್ಪು ಒಂದೇ ಪದ, "ಲೇಟು." ಹಾಲಿನವನಿಗೆ ಲೇಟು, ಶಾಲೆಯ ವ್ಯಾನಿಗೆ ಲೇಟು. ಒಮ್ಮೆ ನಮ್ಮ ಮನೆಗೆ ಯತಿಗಳೊಬ್ಬರು ಪಾದಪೂಜೆಗೆ ಚಿತ್ತೈಸಿದ್ದರು. ದಂಡ ಕಮಂಡಲುಗಳೊಡನೆ ಅವರು ಕಾರಿನಿಂದಿಳಿದರು. ನಾವೆಲ್ಲ ನೆಲಕ್ಕೆ ಹಣೆ ಹಚ್ಚಿದ್ದೆವು. ಮೇಲಿನಿಂದ ಸ್ಪಷ್ಟವಾಗಿ ಕೇಳಿಸಿತು: "ಲೇಟು." ಯತಿಗಳು ತಲೆಯೆತ್ತಿ ನೋಡಿ ಮುಗುಳ್ನಕ್ಕು, "ಹೌದಪ್ಪ, ಟ್ರಾಫಿಕ್ಕು" ಎಂದರು. ಅವರು ಯತಿಗಳು, ನಕ್ಕರು. ನಾನು ಗೃಹಸ್ಥ, ಆ ಉರಿ ನನ್ನಲ್ಲಿ ಬಹುಕಾಲ ಉಳಿಯಿತು.

ನನ್ನ ಪೂಜೆಯ ಗಂಟೆ ಅವರಿಗೆ ಆಗುತ್ತಿರಲಿಲ್ಲ. ಮಂಗಳಾರತಿಗೆ ನಾನು ಗಂಟೆ ಎತ್ತಿದೊಡನೆ ಅವರು ಎದುರಿನಿಂದ ಊಟದ ತಟ್ಟೆಯನ್ನು ಸೌಟಿನಿಂದ ಬಡಿಯುವರು. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುವರು. ಒಂದು ಶ್ರಾವಣವಿಡೀ ಹೀಗೆ ನಡೆಯಿತು. ಅದನ್ನು ನಿಲ್ಲಿಸಿದವಳು ನನ್ನ ಮನೆಯಾಕೆ. ಹುಗ್ಗಿಯ ಪಾತ್ರೆಯನ್ನು ಅವರ ಹೆಂಡತಿಯ ಕೈಗೆ ಕೊಟ್ಟು, "ನಿಮ್ಮನೆಯವ್ರು ತಾಳ ಚೆನ್ನಾಗಿ ಹಾಕ್ತಾರೆ, ಆದ್ರೆ ಸ್ವಲ್ಪ ಓಡಿಸ್ತಾರೆ" ಎಂದು ಹೇಳಿ ಬಂದಳಂತೆ. ಆಮೇಲೆ ತಟ್ಟೆಯ ಸದ್ದು ಕೇಳಿಸಲಿಲ್ಲ. ಅವರ ಹೆಂಡತಿ ಆ ವರ್ಷದ ಕೊನೆಗೆ ತೀರಿಕೊಂಡರು. ಮನೆಯಲ್ಲಿ ಅವರೊಬ್ಬರೇ ಉಳಿದರು. ನೋಟ ಇನ್ನಷ್ಟು ಹರಿತವಾಯಿತು.

ಮನೆಯ ಹೊರಗಿನವರಿಗೆ ಏಕವಚನ ನನ್ನ ನಾಲಿಗೆಗೆ ಬರುವುದಿಲ್ಲ. ಈ ಒಬ್ಬರ ವಿಷಯದಲ್ಲಿ ಮಾತ್ರ ಬಂದರೆ ಸಾಕು ಎಂದು ದೇವರ ಮುಂದೆ ನಿಂತೇ ಬಯಸಿದ್ದುಂಟು.

ಇನ್ನು ಕಾರಿನ ವಿಷಯಕ್ಕೆ ಬರುತ್ತೇನೆ.

ಮನೆಯಾಕೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ ವಾರವಾರವೂ ಗೊತ್ತಾದ ದಿನಗಳಂದು ಡಯಾಲಿಸಿಸ್‌ಗೆ ಹೋಗಬೇಕಾಯಿತು. ಬೆಳಗಿನ ಸರದಿ. ಹೊತ್ತಿಗೆ ಹೋಗದಿದ್ದರೆ ಆ ಕುರ್ಚಿಯಲ್ಲಿ ಇನ್ನೊಬ್ಬ ರೋಗಿಯನ್ನು ಕೂರಿಸುತ್ತಾರೆ. ಅವರದೂ ಪ್ರಾಣವೇ, ದೂರುವಂತಿಲ್ಲ. ಸೊಂಟದ ನೋವಿನಿಂದ ಅವಳಿಗೆ ಆಟೋ ಹತ್ತಲಾಗದು. ಬಾಡಿಗೆ ಕಾರಿನವರು ನಮ್ಮ ಇಕ್ಕಟ್ಟಾದ ಬೀದಿಯ ಹೆಸರು ಕಂಡೊಡನೆ ಬರುವುದಿಲ್ಲವೆನ್ನುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ರಕ್ತದ ಒತ್ತಡ ಇಳಿದು ಅವಳಿಗೆ ಕಣ್ಣು ಕತ್ತಲಿಡುತ್ತದೆ, ಮಲಗಿಸಿಯೇ ಕರೆತರಬೇಕು. ನಮ್ಮ ಹಳೆಯ ಕಾರಿನ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಬಾಗುತ್ತದೆ. ಹೀಗಾಗಿ, ನಾನು ನಿವೃತ್ತನಾದಾಗ ಕೊಂಡ ಆ ಕಾರೇ ಅವಳ ಜೀವಕ್ಕೆ ಆಧಾರವಾಯಿತು.

ರೋಗ ತಿಳಿದುಬಂದ ದಿನಗಳಲ್ಲಿ ಕೋಲಾರದಲ್ಲಿದ್ದ ಅವಳ ಸೋದರಮಾವ, ದೊಡ್ಡ ಉಪಾಸಕರು, ತಾಮ್ರದ ತೆಳು ತಗಡಿನ ಮೇಲೆ ಬೀಜಾಕ್ಷರಗಳನ್ನು ಬರೆದು, ಜಪಿಸಿ, ಒಂದು ರಕ್ಷೆಯನ್ನು ಕೊಟ್ಟರು. "ದಾರೀಲಿ ಏನೂ ಆಗದ ಹಾಗೆ ಇದು ನೋಡ್ಕೊಳುತ್ತಮ್ಮ. ಗಾಡಿಯ ಕೀಲಿಗೇ ಇರ್ಲಿ" ಎಂದರು. ಅವಳು ಅದನ್ನು ಕೀಲಿಯ ಕರಿಯ ತಲೆಗೆ ಹಳದಿ ದಾರದಿಂದ ಕಟ್ಟಿದಳು. ಅದಾದ ಮೇಲೆ ಆ ಕೀಲಿಯಿಂದಲ್ಲದೆ ಅವಳು ಆಸ್ಪತ್ರೆಗೆ ಹೊರಡುತ್ತಿರಲಿಲ್ಲ. ವೈದ್ಯರ ಮೇಲೆ ಅವಳಿಗೆ ನಂಬಿಕೆಯಿತ್ತು. ಆದರೆ ಮನೆಯಿಂದ ವೈದ್ಯರವರೆಗಿನ ದಾರಿಯನ್ನು ಅವಳು ರಕ್ಷೆಗೆ ಒಪ್ಪಿಸಿಬಿಟ್ಟಿದ್ದಳು.

ಕಾರು ಕೂಗತೊಡಗಿದ್ದು ಆಮೇಲೆಯೇ. ಆದರೆ ಎರಡಕ್ಕೂ ಸಂಬಂಧವಿದ್ದೀತೆಂದು ಯಾರಿಗೆ ಹೊಳೆಯಬೇಕು? ಕೀಲಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳದು. ಮುಂದಿನ ಫಲಕದಲ್ಲಿ ಕೀಲಿಯ ಚಿತ್ರವಿರುವ ಕೆಂಪು ದೀಪ ಮಿಣುಕುವುದು. ಮರುಕ್ಷಣ ಹಾರ್ನು ತಾನಾಗಿ ಬಡಿದುಕೊಂಡು, ನಾಲ್ಕೂ ಮೂಲೆಯ ದೀಪಗಳು ಹೊತ್ತಿ ಆರಿ, ಬೀದಿಯ ನಾಯಿಗಳೆಲ್ಲ ದನಿಗೂಡಿಸುವುವು. ಕಳ್ಳರನ್ನು ತಡೆಯುವುದಕ್ಕೆಂದು ಕಾರು ತಯಾರಿಸಿದವರು ಇಟ್ಟ ವ್ಯವಸ್ಥೆ ಅದು. ಒಡೆಯನನ್ನೇ ಕಳ್ಳನೆಂದು ಸಾರುತ್ತಿತ್ತು. ದಿನವೂ ಅಲ್ಲ. ಕೆಲವು ದಿನ ಒಂದೇ ತಿರುವಿಗೆ ಎಂಜಿನ್ ಏಳುವುದು, ಕೆಲವು ದಿನ ಎಷ್ಟು ಬೇಡಿಕೊಂಡರೂ ಇಲ್ಲ. ಕಾರಿನ ಬ್ಯಾಟರಿ ಬದಲಾಯಿಸಿದ್ದಾಯಿತು. ಬಾಗಿಲನ್ನು ಬೀಗ ಹಾಕಿ ತೆಗೆದು ಮತ್ತೆ ಯತ್ನಿಸಿದ್ದಾಯಿತು. ಬ್ಯಾಟರಿಯ ತಂತಿ ಕಳಚಿ, ಅಷ್ಟೋತ್ತರ ಮುಗಿಯುವಷ್ಟು ಹೊತ್ತು ಬಿಟ್ಟು ಮತ್ತೆ ಸೇರಿಸಿದ್ದಾಯಿತು. ಒಮ್ಮೊಮ್ಮೆ ಸರಿಹೋಗುತ್ತಿತ್ತು. ಏಕೆ ಸರಿಹೋಯಿತೆಂದು ತಿಳಿಯುತ್ತಿರಲಿಲ್ಲವಾದ್ದರಿಂದ ಅದರಿಂದ ಪ್ರಯೋಜನವಿರಲಿಲ್ಲ.

ಶಿವಾಜಿನಗರದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಖಾದರ್ ಭಾಯಿಯ ಅಂಗಡಿಗೆ ಹಲವು ಸಲ ಒಯ್ದೆ. ಅಂಗಡಿಗೆ ಹೋಗುವಾಗ ರಕ್ಷೆ ಕಟ್ಟಿದ ಕೀಲಿಯನ್ನು ದೇವರಮನೆಯ ಮೊಳೆಗೆ ತಗುಲಿಸಿ, ಎರಡನೆಯ ಕೀಲಿಯನ್ನೇ ಒಯ್ಯುತ್ತಿದ್ದೆ. ಮಂತ್ರಿಸಿದ ವಸ್ತುವನ್ನು ಎಣ್ಣೆಗೈಗಳ ನಡುವೆ, ಬೀಡಿಯ ಹೊಗೆಯಲ್ಲಿ ಬಿಟ್ಟುಬರುವ ಪದ್ಧತಿ ನಮ್ಮಲ್ಲಿಲ್ಲ. ಖಾದರ್ ಭಾಯಿ ಬಾನೆಟ್ ಎತ್ತಿ, ಅದರ ಸ್ವಿಚ್ಚನ್ನು ಉಜ್ಜಿ, ಸ್ಟಿಯರಿಂಗ್ ಕೆಳಗೆ ಮಲಗಿ, ತಂತಿಗಳನ್ನೆಲ್ಲ ಎಳೆದು ನೋಡಿ ತಲೆ ಕೆರೆದುಕೊಂಡರು.

"ಪಂಡಿತ್‌ಜೀ, ಇಲ್ಲಿ ಬಂದ್ರೆ ಒಂದೇ ಸೆಲ್ಫು, ಸ್ಟಾರ್ಟು. ನಿಮ್ಮನೇಲೇ ಏನೋ ಐತೆ. ಕರೆಂಟ್ ಟವರ್ ಗಿವರ್ ಏನಾದ್ರೂ ಇದ್ಯಾ ಎದುರ್ಗೆ?"

"ಎದುರಿಗೆ ಇರುವುದು ಒಬ್ಬರು ಮನುಷ್ಯರು" ಎಂದೆ.

"ಅಂಗಾದ್ರೆ ಅವ್ರ ನಜರ್ರೇ ಬಿಡಿ" ಎಂದು ಅವರು ನಕ್ಕರು. ನಾನು ನಗಲಿಲ್ಲ. ಅದು ಅವರ ದೃಷ್ಟಿಯೇ ಎಂದು ನನಗೂ ಅನ್ನಿಸತೊಡಗಿತ್ತು.

ಎದುರುಮನೆಯವರಂತೂ ಸಂಭ್ರಮದಲ್ಲಿದ್ದರು. ಕಾರು ಕೂಗಿದಾಗಲೆಲ್ಲ ಬಾಲ್ಕನಿಯಿಂದ, "ಐನೋರೇ, ಇವತ್ತು ಮಂಗಳಾರತಿ ಗಾಡೀನೇ ಮಾಡ್ಕೊಳ್ತಿದೆಯಾ?" ಎನ್ನುವರು. ಇನ್ನೊಮ್ಮೆ, "ಕಳ್ಳ ಕಳ್ಳ ಅಂತ ಅದೇ ಹೇಳ್ತಿದೆ, ನಾನೇನ್ ಹೇಳ್ಲಿ" ಎಂದರು. ಇಷ್ಟಾದರೆ ಸಹಿಸಬಹುದಿತ್ತು. ಒಂದು ಬೆಳಗ್ಗೆ ಪೊಲೀಸ್ ಪೇದೆಯೊಬ್ಬರು ನಮ್ಮ ಬಾಗಿಲಿಗೆ ಬಂದರು.

"ಸರ್, ಎದುರುಮನೆ ಅಂಕಲ್ ಕಂಪ್ಲೇಂಟ್ ಕೊಟ್ಟಿದ್ದಾರೆ. ಪಬ್ಲಿಕ್ ರೋಡು, ಕೆಟ್ಟಿರೋ ಗಾಡಿ, ಬೆಳಗ್ಗೆ ಹೊತ್ತು ಸೌಂಡು ಅಂತ. ಇನ್ನೊಂದ್ ಸಲ ಕಂಪ್ಲೇಂಟ್ ಬಂದ್ರೆ ಎತ್ಕೊಂಡ್ ಹೋಗ್ಬೇಕಾಗುತ್ತೆ ಸರ್. ಬೇಜಾರ್ ಮಾಡ್ಕೋಬೇಡಿ."

ಮನೆಯಾಕೆಯ ಸ್ಥಿತಿಯನ್ನು ಅವರಿಗೆ ವಿವರಿಸಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು. "ಅವ್ರ ಹತ್ರಾನೇ ಒಂದ್ಸಲ ಮಾತಾಡ್ಬಿಡಿ ಸರ್" ಎಂದು ಹೇಳಿ ಹೋದರು. ಮಾತನಾಡುವುದಕ್ಕೆ ಬೀದಿ ದಾಟಿದೆ. ಅವರು ಕೆಳಗಿಳಿಯಲಿಲ್ಲ. ನಾನು ಬೀದಿಯಲ್ಲಿ ಕತ್ತೆತ್ತಿ ನಿಂತು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ರಿಪೇರಿ ಮಾಡ್ಸಿ, ಇಲ್ಲ ಮಾರ್ಬಿಡಿ. ಬೀದಿಗೆಲ್ಲ ಯಾಕ್ ಕಾಯಿಲೆ ಹಂಚ್ತೀರ" ಎಂದರು. ಆ ಮಾತನ್ನು ಬರೆಯುತ್ತಿರುವ ಈ ಹೊತ್ತಿಗೂ ನನ್ನ ಎದೆ ಬಿಸಿಯಾಗುತ್ತದೆ.

ಆ ನಡುವೆ ಮುಳಬಾಗಿಲಿನಲ್ಲಿ ನನ್ನ ದಾಯಾದಿಯೊಬ್ಬರು ತೀರಿಕೊಂಡ ಸುದ್ದಿ ಬಂದು ನಮಗೆ ಸೂತಕವಾಯಿತು. ಸೂತಕದಲ್ಲಿ ದೇವರಮನೆಯ ವಸ್ತುಗಳನ್ನು ಮುಟ್ಟುವಂತಿಲ್ಲ. ರಕ್ಷೆಯ ಕೀಲಿ ಮೊಳೆಯಲ್ಲಿಯೇ ಉಳಿಯಿತು. ಮನೆಯಾಕೆ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಎರಡನೆಯ ಕೀಲಿಯಿಂದ ಆಸ್ಪತ್ರೆಗೆ ಹೋಗಿಬಂದೆವು. ಸೂತಕ ಕಳೆಯುವವರೆಗೂ ಕಾರು ಒಮ್ಮೆಯೂ ಕೂಗಲಿಲ್ಲ. ನಾನು ಅದನ್ನು ಖಾದರ್ ಭಾಯಿಯ ಕೈಗುಣವೆಂದುಕೊಂಡೆ. ಎದುರುಮನೆಯವರು ಮೇಲಿನಿಂದ, "ಏನ್ ಐನೋರೇ, ಸತ್ತಿದ್ದು ನಿಮ್ಮೋರೋ, ನಿಮ್ಮ ಗಾಡೀನೋ? ಸದ್ದೇ ಇಲ್ಲ" ಎಂದರು. ಸೂತಕದ ಮನೆಯವರಿಗೆ ಹೀಗೆನ್ನುವವರನ್ನು ಆವರೆಗೆ ನಾನು ಕಂಡಿರಲಿಲ್ಲ.

ಶುದ್ಧಿಯ ಸ್ನಾನವಾಯಿತು. ಹಳದಿ ದಾರದ ಕೀಲಿ ಮತ್ತೆ ಕೈಗೆ ಬಂತು. ಮುಂದಿನ ಸರದಿಯ ಬೆಳಗ್ಗೆ ಕಾರು ಕೂಗಿತು. ಎಂಜಿನ್ ಹೊತ್ತಿಕೊಳ್ಳಲೇ ಇಲ್ಲ. ಬಾಡಿಗೆ ಕಾರು ಸಿಕ್ಕಿ ನಾವು ತಲುಪುವಷ್ಟರಲ್ಲಿ ಕುರ್ಚಿ ಇನ್ನೊಬ್ಬರ ಪಾಲಾಗಿತ್ತು, ಬೇರೆ ಕುರ್ಚಿಯೂ ಖಾಲಿಯಿರಲಿಲ್ಲ. ವೈದ್ಯರು ಅವಳ ಪಾದ ಒತ್ತಿ ನೋಡಿ, ಮುಂದಿನ ಸರದಿ ತಪ್ಪಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ಆಮೇಲೆ ತಮ್ಮ ಕೈಯಲ್ಲಿಲ್ಲ ಎಂದರು. ಉಪ್ಪು, ನೀರು ಎರಡನ್ನೂ ಬಹುಮಟ್ಟಿಗೆ ಬಿಟ್ಟು ಅವಳು ದಿಂಬಿಗೊರಗಿ ಕುಳಿತೇ ಕಾಲ ಕಳೆದಳು.

ಆ ಮುಂದಿನ ಸರದಿಯ ಬೆಳಗ್ಗೆ ಅವಳಿಗೆ ಮೇಲುಸಿರು ಬರುತ್ತಿತ್ತು. ಸೋಮೇಶ್ವರನಿಗೆ ಕೈಮುಗಿದು, ಕೀಲಿಯನ್ನು ಕಣ್ಣಿಗೊತ್ತಿಕೊಂಡು, ತಿರುಗಿಸಿದೆ. ಕೆಂಪು ದೀಪ ಮಿಣುಕಿತು. ಹಾರ್ನು ಬಡಿದುಕೊಂಡಿತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಅವಳು ಸೀಟಿನ ಅಂಚನ್ನು ಹಿಡಿದುಕೊಂಡಳು.

ಎದುರುಮನೆಯವರು ಬಾಲ್ಕನಿಯಲ್ಲಿದ್ದರು. ನೋಡುತ್ತಿದ್ದರು. ಈಗ ಪೊಲೀಸರಿಗೆ ಫೋನು ಮಾಡುತ್ತಾರೆ ಎಂದುಕೊಂಡೆ. ಅವರು ಅಲ್ಲಿಂದ ಮರೆಯಾಗಿ, ಸ್ವಲ್ಪ ಹೊತ್ತಿನಲ್ಲಿ ಬರಿಗಾಲಿನಲ್ಲಿ ಬೀದಿ ದಾಟಿ ಬಂದು ನನ್ನ ಕಿಟಕಿಯ ಪಕ್ಕ ನಿಂತರು. ಬೆರಳ ನಡುವೆ ಬೀಡಿಯಿತ್ತು.

"ಕೀ ಕೊಡ್ರಿ ಇಲ್ಲಿ."

"ಕೊಡುವುದಿಲ್ಲ. ಇದರಲ್ಲಿ ರಕ್ಷೆಯಿದೆ."

"ಅದಕ್ಕೇ ಕೊಡಿ ಅನ್ನೋದು. ಸೂತಕದಲ್ಲಿ ಹಾಕ್ತಿದ್ರಲ್ಲ, ದಾರ ಇಲ್ದಿರೋ ಕೀ, ಅದೆಲ್ಲಿ?"

"ಒಳಗೆ ಬೀರುವಿನಲ್ಲಿದೆ. ಅದು ನಿಮಗೇಕೆ?"

"ನೀವ್ ಬೀಗ ತೆಗ್ದು, ಬೀರು ತೆಗ್ದು, ತರೋ ಹೊತ್ಗೆ ಅಮ್ಮೋರ ಕಥೆ ಏನಾಗುತ್ತೆ ನೋಡ್ರಿ ಒಂದ್ಸಲ ಪಕ್ಕಕ್ಕೆ ತಿರುಗಿ."

ಮನೆಯಾಕೆ ಕಣ್ಣು ಮುಚ್ಚಿಯೇ, "ಕೊಟ್ಬಿಡೀಂದ್ರೆ" ಎಂದಳು.

ನಾನು ಕೊಡಲಿಲ್ಲ. ಅವರು ಕಿಟಕಿಯೊಳಕ್ಕೆ ತೋಳು ತೂರಿ ಕೀಲಿಯನ್ನು ಎಳೆದುಕೊಂಡರು. ದಾರದ ಗಂಟು ಬಿಚ್ಚಲು ನೋಡಿದರು, ಅದು ಬಿಗಿದಿತ್ತು. ಬೀಡಿಯನ್ನು ಎಸೆದು, ದಾರವನ್ನು ಬಾಯಿಗಿಟ್ಟು, ಹಲ್ಲಿನಿಂದ ಕಡಿದರು. ಜಪಿಸಿ ಕೊಟ್ಟ ರಕ್ಷೆಯ ದಾರ, ಅದರ ಮೇಲೆ ಎಂಜಲು. ತಗಡನ್ನು ಮಡಚಿದ ಲುಂಗಿಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಯ ಕೀಲಿಯನ್ನು ತಾವೇ ಒಳಕ್ಕೆ ತೂರಿಸಿ ತಿರುಗಿಸಿದರು. ಎಂಜಿನ್ ಹೊತ್ತಿಕೊಂಡಿತು. ಕೂಗು ನಿಂತ ಬೀದಿಯಲ್ಲಿ ನಾಯಿಗಳು ಮಾತ್ರ ಇನ್ನೂ ಬೊಗಳುತ್ತಿದ್ದವು.

"ಹೋಗ್ರಿ ಇನ್ನ" ಎಂದರು.

ನಾನು ಬಾಯಿ ತೆರೆದೆ. ಯಾವ ಮಾತು ಬರಲಿದ್ದಿತೋ, ಅದು ಶಾಪವೇ ಆಗಿದ್ದಿತೋ ತಿಳಿಯದು. "ಆಮೇಲೆ ಬಯ್ಯೋರಂತೆ, ನಡೀರಿ" ಎಂದು ಮನೆಯಾಕೆ ಹೇಳಿದಳು. ಹಳೆ ಮದ್ರಾಸು ರಸ್ತೆಯನ್ನು ಹೇಗೆ ದಾಟಿದೆನೋ, ಮೆಟ್ರೋ ಕಂಬಗಳ ನಡುವೆ ಹೇಗೆ ನುಗ್ಗಿದೆನೋ ನೆನಪಿಲ್ಲ. ಆಸ್ಪತ್ರೆಯ ಸಿಸ್ಟರ್ ಅವಳ ಕುರ್ಚಿಯ ಕೈಯನ್ನು ಹಿಡಿದುಕೊಂಡೇ ಬಾಗಿಲ ಕಡೆ ನೋಡುತ್ತಿದ್ದರು. ಸೂಜಿ ಇಳಿದು, ಕೊಳವೆಯಲ್ಲಿ ರಕ್ತ ಹರಿಯತೊಡಗಿ, ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂತು. ಆಗ ಕಣ್ಣು ತೆರೆದು ಕೇಳಿದ ಮೊದಲ ಮಾತು: "ನನ್ನ ರಕ್ಷೆ ಅವರ ಸೊಂಟದಲ್ಲೇ ಇದೆಯಾ?"

ಆ ಸಂಜೆ ಅವಳನ್ನು ಮಲಗಿಸಿ, ನಾನು ಬೀದಿ ದಾಟಿದೆ. ಅವರು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಏಳಲಿಲ್ಲ. ನಾನು ಕೇಳುವ ಮೊದಲೇ ತಗಡನ್ನು ತೆಗೆದು ಬೆಂಚಿನ ಮೇಲಿಟ್ಟರು.

"ಅಮ್ಮೋರ್ ಹೆಂಗಿದಾರೆ?"

"ಇದ್ದಾಳೆ. ಇದರ ವಿಷಯ ನಿಮಗೆ ಯಾವಾಗಿನಿಂದ ಗೊತ್ತಿತ್ತು?"

"ನಿಮ್ಮನೆ ಸೂತಕದಿಂದ. ಹಳದಿ ದಾರದ ಕೀ ಇಲ್ದಿದ್ರೆ ಗಾಡಿ ಬಾಯ್ ಮುಚ್ಕೊಂಡ್ ಹೋಗ್ತಿತ್ತು. ದಾರ ಬಂತು, ಕೂಗ್ತು. ನಮ್ಮ ಫ್ಯಾಕ್ಟರಿ ಗೇಟ್‌ಗೆ ತೋರ್ಸೋ ಕಾರ್ಡ್ ಬಂತಲ್ಲ, ಆಗ್ಲೂ ಹಿಂಗೇ. ಅಡಿಕೆ ಡಬ್ಬಿ ಜೊತೆ ಜೇಬಲ್ಲಿಟ್ಟು ತೋರ್ಸಿದ್ರೆ ಗೇಟ್ ತೆಗೀತಿರ್ಲಿಲ್ಲ. ತಗಡು ಅಡ್ಡ ಬಂದ್ರೆ ಅದಕ್ಕೆ ಕಣ್ ಕಾಣ್ಸಲ್ಲ. ನಿಮ್ಮ ಕೀ ತಲೆ ಒಳ್ಗೂ ಆ ಕಾರ್ಡಲ್ಲಿದ್ದಂಥದ್ದೇ ಒಂದ್ ಚಿಪ್ಪು, ಕಾಳಿನಷ್ಟು ಇರುತ್ತೆ. ಅದನ್ನ ನೋಡೇ ಗಾಡಿ ಒಡೆಯ ಯಾರು ಅಂತ ಗುರುತ್ ಹಿಡಿಯೋದು. ತಗಡು ಪಕ್ಕಕ್ಕೆ ಜಾರಿದ್ ದಿನ ಸ್ಟಾರ್ಟು, ಮೇಲೆ ಕೂತ ದಿನ ಕೂಗು."

"ಗೊತ್ತಿದ್ದೂ ಹೇಳಲಿಲ್ಲ. ಹಿಂದಿನ ಸರದಿ ಅವಳಿಗೆ ತಪ್ಪಿತು."

"ಹೇಳಿದ್ರೆ ನಂಬ್ತಿದ್ರಾ? ದೇವ್ರ ತಗಡಿಂದ ಗಾಡಿ ಕೆಟ್ಟಿದೆ ಅಂತ ನಾನ್ ಹೇಳ್ಬೇಕು, ನೀವ್ ಕೇಳ್ಬೇಕು."

"ಅದು ಕಾರಣವಲ್ಲ."

ಅವರು ನನ್ನನ್ನು ನೇರವಾಗಿ ನೋಡಿದರು. "ಅಲ್ಲ. ಸುಳ್ ಯಾಕ್ ಹೇಳ್ಲಿ. ಪೊಲೀಸ್ನೋರು ಎತ್ಕೊಂಡ್ ಹೋಗ್ಲಿ ಅಂತಾನೇ ಕಾಯ್ತಿದ್ದೆ. ಇವತ್ತು ಇಳ್ದು ಬಂದಿದ್ದು ಅಮ್ಮೋರು ಒಳಗೆ ಉಸಿರಿಗೆ ಕಷ್ಟಪಡ್ತಿದ್ರು ಅಂತ. ನಿಮಗೋಸ್ಕರ ಅಲ್ಲ."

ನಾನು ತಗಡನ್ನು ಉತ್ತರೀಯದ ಅಂಚಿನಲ್ಲಿ ಹಿಡಿದು ತಂದೆ. ಹುಣಸೆಹುಳಿಯಿಂದ ತೊಳೆದು, ಶುದ್ಧಿ ಮಾಡಿ, ಮತ್ತೆ ಜಪಕ್ಕೆ ಕುಳಿತೆ. ಮನೆಯಾಕೆ ಹಾಸಿಗೆಯಿಂದಲೇ, "ಅವರು ಕಚ್ಚಿದ್ದು ದಾರಾನ, ರಕ್ಷೇನಲ್ಲ. ಅಷ್ಟೊಂದು ತೊಳೀಬೇಡಿ, ಅಕ್ಷರ ಅಳಿಸೀತು" ಎಂದಳು. ಅಂದಿನಿಂದ ರಕ್ಷೆ ಅವಳ ಕೈಚೀಲದಲ್ಲಿ ಅವಳ ಜೊತೆಯಲ್ಲಿಯೇ ಬರುತ್ತದೆ. ಕೀಲಿಗೆ ಏನನ್ನೂ ಕಟ್ಟುವುದಿಲ್ಲ. ಕಾರು ಅಂದಿನಿಂದ ಈವರೆಗೆ ಕೂಗಿಲ್ಲ.

ಇದಾದ ಮೇಲೆ ನಾವಿಬ್ಬರೂ ಸ್ನೇಹಿತರಾದೆವು ಎಂದು ಓದುವವರು ಎಣಿಸಬಾರದು. ಹಾಗಾಗಲಿಲ್ಲ. ಕಾಫಿಯ ಗಸಿ ರಂಗೋಲಿಯ ಅಂಚಿಗೆ ಬೀಳುತ್ತಲೇ ಇತ್ತು. ಪೇದೆ ಮತ್ತೊಮ್ಮೆ ಬಂದಾಗ, "ಕಂಪ್ಲೇಂಟ್ ಇನ್ನೂ ವಾಪಸ್ ತಗೊಂಡಿಲ್ಲ ಸರ್ ಅವ್ರು. ಇರ್ಲಿ ಬಿಡಿ ಅಂತಾರೆ" ಎಂದು ನಗುತ್ತ ಹೇಳಿಹೋದರು. ಆಸ್ಪತ್ರೆಯ ದಿನಗಳಂದು ನಾವು ಹೊರಡುವ ಹೊತ್ತಿಗೆ ಅವರು ಮೇಲೆ ನಿಂತಿರುತ್ತಿದ್ದರು. ಸ್ವಲ್ಪ ತಡವಾದರೆ, "ಲೇಟು" ಎಂಬ ಮಾತು ಬಂದೇ ಬರುತ್ತಿತ್ತು. ಮನೆಯಾಕೆ ಕಿಟಕಿಯಿಂದ ಕೈಯೆತ್ತಿ, "ಹೊರಟ್ವಿ, ಹೊರಟ್ವಿ" ಎನ್ನುವಳು. ನಾನು ಮುಂದಿನ ರಸ್ತೆಯನ್ನು ನೋಡುತ್ತಿದ್ದೆ.

ಇದನ್ನು ಹಲವು ಸಲ ನನ್ನೊಳಗೇ ತೂಗಿ ನೋಡಿದ್ದೇನೆ. ಅವರು ದಾರ ಕಡಿದದ್ದನ್ನು ಕ್ಷಮಿಸಿದೆ. ಆಪತ್ತಿನಲ್ಲಿ ನಿಯಮಗಳು ಸಡಿಲವಾಗುತ್ತವೆಂದು ನಾನು ಓದಿದ ಶಾಸ್ತ್ರವೇ ಹೇಳುತ್ತದೆ. ತಟ್ಟೆ ಬಡಿದದ್ದನ್ನು ಮರೆತೆ. ಆದರೆ ಸೂತಕ ಕಳೆದ ದಿನದಿಂದ ಆ ಬೆಳಗಿನವರೆಗೆ, ಗೊತ್ತಿದ್ದೂ ಬಾಯಿ ಮುಚ್ಚಿ ಕಂಬಿಗೊರಗಿ ನಿಂತಿದ್ದರಲ್ಲ, ಒಂದು ಸರದಿ ತಪ್ಪಿಹೋಗುವುದನ್ನು ನೋಡುತ್ತಿದ್ದರಲ್ಲ, ಅದನ್ನು ಕ್ಷಮಿಸಲಾಗಲಿಲ್ಲ. ಅವರಾಗಿ ಒಪ್ಪಿಕೊಂಡದ್ದರಿಂದ ಅದು ಹಗುರವಾಗಲಿಲ್ಲ. ಮನೆಯಾಕೆಯೊಡನೆ ಇದನ್ನು ಹೇಳಿದಾಗ ಅವಳು, "ಸುಮ್ನಿದ್ದವರೂ ಅವರೇ, ಬಂದವರೂ ಅವರೇ. ನಾನು ಬದುಕಿರೋದು ಬಂದವರಿಂದ. ನೀವು ಸುಮ್ನಿದ್ದವರ ಜೊತೆ ಜಗಳ ಆಡ್ಕೊಳ್ಳಿ, ನನ್ನ ಕರೀಬೇಡಿ" ಎಂದಳು.

ಅವರು ಮಧ್ಯಾಹ್ನದ ನಿದ್ದೆಯಲ್ಲಿಯೇ ಹೋದರಂತೆ. ಗರುಡಾಚಾರ್‌ಪಾಳ್ಯದಲ್ಲಿ ಮನೆ ಮಾಡಿದ್ದ ಮಕ್ಕಳು ಬಂದು ಎಲ್ಲವನ್ನೂ ಕ್ರಮವಾಗಿ ನಡೆಸಿದರು. ಮನೆಯಾಕೆಯ ಒತ್ತಾಯಕ್ಕೆ ಹೋಗಿ ನೋಡಿಬಂದೆ, ಬಂದು ಸ್ನಾನ ಮಾಡಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮಹಾಲಯದ ಅಮಾವಾಸ್ಯೆ ಬಂತು. ಪಿತೃಗಳಿಗೆ ಎಳ್ಳುನೀರು ಬಿಟ್ಟ ಮೇಲೆ, ಗುರುಗಳು, ಗೆಳೆಯರು, ನೆಂಟರಲ್ಲದಿದ್ದರೂ ಬದುಕಿನಲ್ಲಿ ಬಂದುಹೋದವರು, ಇವರಿಗೂ ಕಾರುಣ್ಯದಿಂದ ನೀರು ಬಿಡುವ ಕ್ರಮ ನಮ್ಮಲ್ಲಿದೆ. ನಾನು ದರ್ಭೆ ಜೋಡಿಸಿಕೊಳ್ಳುತ್ತಿದ್ದೆ. ಮನೆಯಾಕೆ ಬಾಗಿಲಿಗೊರಗಿ ನಿಂತು, "ಎದುರುಮನೆಯವರಿಗೂ ಒಂದು ಬಿಡಿ" ಎಂದಳು.

"ಅವರಿಗೆ ಮಕ್ಕಳಿದ್ದಾರೆ. ನನಗೇನು ಅಧಿಕಾರವಿದೆ?"

"ಅಧಿಕಾರ ಕೇಳ್ಕೊಂಡು ಅವರು ದಾರ ಕಚ್ಚಿದ್ರಾ?"

ಅವರ ಹೆಸರನ್ನು, ಈ ಬರಹದಲ್ಲೆಲ್ಲಿಯೂ ಬರೆಯದ ಹೆಸರನ್ನು, ಸ್ಪಷ್ಟವಾಗಿ ಉಚ್ಚರಿಸಿ ನೀರು ಬಿಟ್ಟೆ. ಗೋತ್ರ ತಿಳಿಯದವರಿಗೆ ಹೇಳುವ ಗೋತ್ರವನ್ನು ಹೇಳಿದೆ. ಕಾರುಣ್ಯ ನನ್ನಲ್ಲಿತ್ತೆಂದು ಹೇಳಲಾರೆ. ವಿಧಿಯಲ್ಲಿ ಆ ಶಬ್ದವಿತ್ತು, ಉಚ್ಚರಿಸಿದೆ. ಎಳ್ಳು ಬೆರಳಿನ ಸಂದಿಯಿಂದ ಜಾರಿ ತಟ್ಟೆಗೆ ಬಿತ್ತು. ಮನೆಯಾಕೆ ಅದನ್ನು ನೋಡಿಯೇ ಒಳಗೆ ಹೋದಳು.

ಆ ಬೆಳಗಿನಲ್ಲಿ ಪಾಲ್ಗೊಂಡ ಎಲ್ಲರಿಗೂ ಒಳಿತಾಗಲಿ. ಬಾಗಿಲ ಕಡೆ ನೋಡುತ್ತ ಕುರ್ಚಿಯನ್ನು ಹಿಡಿದಿದ್ದ ಆ ಹೆಣ್ಣುಮಗಳ ಕೈಗೆ ಎಂದೂ ನೋವು ಬಾರದಿರಲಿ. ದೋಷ ಕಾಣಿಸದ ಕಾರಿನಲ್ಲಿ ದೋಷ ಹುಡುಕಿದ ಖಾದರ್ ಭಾಯಿಯ ಅಂಗಡಿ ತುಂಬಿರಲಿ. ಟೋಪಿ ತೆಗೆದು ನಿಂತ ಪೇದೆಗೆ ಬಡ್ತಿ ಸಿಗಲಿ. ರಕ್ಷೆ ಬರೆದುಕೊಟ್ಟ ಹಿರಿಯರ ಜಪ ಫಲಿಸಲಿ, ಅದನ್ನು ನಂಬಿದವಳ ಆಯುಸ್ಸು ನನ್ನ ಆಯುಸ್ಸಿಗಿಂತ ಹೆಚ್ಚಿರಲಿ. ಎದುರುಮನೆಯವರಿಗೆ ಸದ್ಗತಿಯಾಗಲಿ. ಇನ್ನೊಂದು ಜನ್ಮವಿದ್ದರೆ ಅವರಿಗೆ ಒಳ್ಳೆಯ ನೆರೆಯವರು ಸಿಗಲಿ. ನನಗೂ ಸಿಗಲಿ. ಆ ಎರಡು ಮನೆಗಳು ಬೇರೆ ಬೇರೆ ಬೀದಿಗಳಲ್ಲಿರಲಿ.